ಫುಟ್‌ಬಾಲ್ ಏಜೆಂಟ್ ಪರೀಕ್ಷೆ: ದಾವಣಗೆರೆ, ಚಿತ್ರದುರ್ಗದ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಸರ್. ನನ್ನದು ದಾವಣಗೆರೆಯ ವಿದ್ಯಾನಗರ. ಬಿ.ಕಾಂ. ಮುಗಿಸಿ ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡ್ತಿದ್ದೇನೆ. ಫುಟ್‌ಬಾಲ್ ಅಂದ್ರೆ ಪ್ರಾಣ. ಆಡಿ ಮೇಲೆ ಬರುವ ವಯಸ್ಸು ದಾಟಿತು, ಅದಕ್ಕೆ ಆಟಗಾರರ ಪರವಾಗಿ ಕ್ಲಬ್‌ಗಳ ಜೊತೆ ಕಾಂಟ್ರಾಕ್ಟ್ ಮಾತಾಡುವ ಏಜೆಂಟ್ ಆಗಲು ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ನಡೆಸುವ ಪರೀಕ್ಷೆ ಬರೆಯೋಣ ಅಂತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಲಾ ಓದಿಲ್ಲ. ಪುಸ್ತಕ ನೋಡಿಕೊಂಡೇ ಬರೆಯಬಹುದಂತೆ, ಹಾಗಾದರೆ ಒಂದು ತಿಂಗಳು ಓದಿದರೆ ಸಾಕಾ? ಕೋಚಿಂಗ್ ಸೇರಬೇಕಾ?

ಉತ್ತರ: ಒಂದು ತಿಂಗಳು ಸಾಲದು. ಲಾ ಡಿಗ್ರಿ ಬೇಕಿಲ್ಲ. ಕೋಚಿಂಗ್ ಕೂಡ ಕಡ್ಡಾಯ ಅಲ್ಲ, ಓದಬೇಕಾದ ಸಾಮಗ್ರಿಯನ್ನು ಫಿಫಾನೇ ತನ್ನ ವೆಬ್‌ಸೈಟಿನಲ್ಲಿ ಪುಕ್ಕಟೆಯಾಗಿ ಕೊಡುತ್ತದೆ.

ಪರೀಕ್ಷೆಯಲ್ಲಿ 20 ಪ್ರಶ್ನೆ ಇರುತ್ತವೆ. ಎಲ್ಲವೂ ಆಯ್ಕೆ ಮಾಡಿ ಉತ್ತರಿಸುವಂಥವು. ಸಮಯ ಒಂದು ಗಂಟೆ, ಪಾಸಾಗಲು 75 ಪರ್ಸೆಂಟ್ ಬೇಕು, ಅಂದರೆ 15 ಉತ್ತರ ಸರಿ ಇರಬೇಕು. 2023ರಲ್ಲಿ ಸಾಮಗ್ರಿಯನ್ನು ಪಕ್ಕದಲ್ಲಿ ಇಟ್ಟುಕೊಂಡೇ ಬರೆಯಲು ಬಿಟ್ಟಿದ್ದರು ಅನ್ನೋದು ನಿಜ. ಹಾಗಿದ್ದೂ ಆ ವರ್ಷದ ಏಪ್ರಿಲ್‌ನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಪಾಸಾದವರು ಹೆಚ್ಚುಕಡಿಮೆ ಅರ್ಧ ಜನ ಮಾತ್ರ. ಯಾಕೆ ಅಂದ್ರೆ ಒಂದು ಪ್ರಶ್ನೆಗೆ ಸಿಗೋದು ಮೂರು ನಿಮಿಷ. ಪ್ರಶ್ನೆ ಓದಿ ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಒಂದು ನಿಮಿಷ ಹೋಗಿರುತ್ತೆ, ಉಳಿದ ಎರಡು ನಿಮಿಷದಲ್ಲಿ ನೂರಾರು ಪುಟದೊಳಗೆ ನಿಯಮ ಎಲ್ಲಿದೆ ಅಂತ ಹುಡುಕುತ್ತಾ ಕೂತರೆ ಕತೆ ಮುಗೀತು. ಯಾವ ವಿಷಯ ಯಾವ ನಿಯಮಾವಳಿಯಲ್ಲಿ, ಯಾವ ಕಲಂನಲ್ಲಿದೆ ಅಂತ ಮೊದಲೇ ಗೊತ್ತಿದ್ದವನಿಗೆ ಮಾತ್ರ ಪುಸ್ತಕ ಸಹಾಯಕ್ಕೆ ಬರುತ್ತದೆ. ನಿಯಮಗಳು ವರ್ಷ ವರ್ಷ ಬದಲಾಗುತ್ತವೆ, ಆದ್ದರಿಂದ ನೀವು ಬರೆಯುವ ವರ್ಷದ ಸೂಚನೆಯನ್ನೇ ಓದಿ, ಯಾರದೋ ಹಳೇ ನೋಟ್ಸ್ ನಂಬಬೇಡಿ.

ಹಿನ್ನೆಲೆ ಸ್ವಲ್ಪ ತಿಳಿದಿರಲಿ. 2015ರಲ್ಲಿ ಫಿಫಾ ಲೈಸೆನ್ಸ್ ಪದ್ಧತಿಯನ್ನೇ ತೆಗೆದುಹಾಕಿತ್ತು. ಮಧ್ಯವರ್ತಿ ಅಂತ ಹೆಸರು ನೋಂದಾಯಿಸಿದರೆ ಆಗುತ್ತಿತ್ತು, ಪರೀಕ್ಷೆ ಗಿರೀಕ್ಷೆ ಏನೂ ಇರಲಿಲ್ಲ. ಅದರಿಂದ ತೊಂದರೆ ಜಾಸ್ತಿಯಾಗಿ, 2022ರ ಡಿಸೆಂಬರ್‌ನಲ್ಲಿ ಹೊಸ ಏಜೆಂಟ್ ನಿಯಮಾವಳಿಗೆ ಒಪ್ಪಿಗೆ ಸಿಕ್ಕಿತು, 2023ರಿಂದ ಪರೀಕ್ಷೆ ಮತ್ತೆ ಬಂತು.

ಓದಲು ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಈ ಏಜೆಂಟ್ ನಿಯಮಾವಳಿಯನ್ನೇ. ಅದು ದೊಡ್ಡದಲ್ಲ, ಆದರೆ ಒಂದೊಂದು ಸಾಲಿನಲ್ಲೂ ಪ್ರಶ್ನೆ ಅಡಗಿರುತ್ತದೆ. ಆಮೇಲೆ ಆಟಗಾರರ ಸ್ಥಾನಮಾನ ಮತ್ತು ಟ್ರಾನ್ಸ್‌ಫರ್ ನಿಯಮಾವಳಿ. ಇದು ಉದ್ದ, ಇಲ್ಲೇ ಜನ ಸುಸ್ತಾಗೋದು. ನಿಮ್ಮ ಸಮಯದ ಬಹುಪಾಲು ಇವೆರಡಕ್ಕೇ ಕೊಡಿ. ಶಿಸ್ತು ಸಂಹಿತೆ, ನೀತಿ ಸಂಹಿತೆ, ಫುಟ್‌ಬಾಲ್ ಟ್ರಿಬ್ಯೂನಲ್‌ನ (ಫಿಫಾದ ವ್ಯಾಜ್ಯ ತೀರ್ಮಾನಿಸುವ ಮಂಡಳಿ) ವಿಧಾನ, ಕ್ಲಿಯರಿಂಗ್ ಹೌಸ್ (ಆಟಗಾರನನ್ನು ಬೆಳೆಸಿದ ಕ್ಲಬ್‌ಗಳಿಗೆ ಸೇರಬೇಕಾದ ದುಡ್ಡು ತಲುಪಿಸುವ ವ್ಯವಸ್ಥೆ), ಮಕ್ಕಳ ಸುರಕ್ಷತೆಯ ಕೈಪಿಡಿ ಇವೆಲ್ಲ ಎರಡು ಸಲ ಗಮನವಿಟ್ಟು ಓದಿದರೆ ನಡೆಯುತ್ತದೆ.

ಪ್ರಶ್ನೆ ಎಂಥದ್ದು ಬರಬಹುದು ಅಂತ ತಿಳಿಯಲು ನಾನೇ ಒಂದು ಕಟ್ಟಿದ್ದೇನೆ. ಒಬ್ಬ ಹುಡುಗನಿಗೆ 15 ವರ್ಷ 4 ತಿಂಗಳು. ಅವನು ಮುಂದೆ ಕೆಲಸಕ್ಕೆ ಸೇರಲಿರುವ ದೇಶದಲ್ಲಿ ಮೊದಲ ವೃತ್ತಿಪರ ಕಾಂಟ್ರಾಕ್ಟ್‌ಗೆ ಸಹಿ ಹಾಕಲು 16 ತುಂಬಿರಬೇಕು. ಏಜೆಂಟ್ ಹುಡುಗನನ್ನು ಮಾತಾಡಿಸಿಲ್ಲ, ಅವನ ಅಪ್ಪನಿಗೆ ಫೋನ್ ಮಾಡಿ ನಿಮ್ಮ ಮಗನನ್ನು ನಾನು ಪ್ರತಿನಿಧಿಸುತ್ತೇನೆ ಅಂದಿದ್ದಾನೆ. ಇದು ಸರಿಯೋ ತಪ್ಪೋ?

ತಪ್ಪು. ಆ ವಯಸ್ಸು ತಲುಪಲು ಆರು ತಿಂಗಳು ಅಥವಾ ಅದಕ್ಕಿಂತ ಕಡಿಮೆ ಉಳಿದಿರುವಾಗ ಮಾತ್ರ ಸಂಪರ್ಕಿಸಬಹುದು, ಇಲ್ಲಿ ಇನ್ನೂ ಎಂಟು ತಿಂಗಳಿದೆ. ಹುಡುಗನನ್ನು ಬಿಟ್ಟು ಅಪ್ಪನನ್ನು ಮಾತಾಡಿಸಿದರೂ ಅದು ಸಂಪರ್ಕವೇ. ಸಮಯ ಬಂದ ಮೇಲೂ ಪೋಷಕರ ಲಿಖಿತ ಒಪ್ಪಿಗೆ ಮೊದಲು ಕೈಯಲ್ಲಿರಬೇಕು. ಸಾಲದ್ದಕ್ಕೆ ಮಕ್ಕಳನ್ನು ಪ್ರತಿನಿಧಿಸುವ ಏಜೆಂಟ್ ಅದಕ್ಕಂತಲೇ ಇರುವ ಬೇರೆ ಕೋರ್ಸ್ ಮುಗಿಸಿರಬೇಕು. ಇನ್ನೊಂದು ಗಮನಿಸಿ: ಲೆಕ್ಕಕ್ಕೆ ಬರೋದು ಹುಡುಗ ಹುಟ್ಟಿದ ದೇಶದ ಕಾನೂನಲ್ಲ, ಅವನು ಕೆಲಸ ಮಾಡಲಿರುವ ದೇಶದ್ದು. ಅವಸರದಲ್ಲಿ ಓದಿದವರು ಇಲ್ಲೇ ಎಡವುತ್ತಾರೆ.

ಅವಧಿಗಳನ್ನೂ ಕಲಸುಮೇಲೋಗರ ಮಾಡಿಕೊಳ್ಳಬೇಡಿ. ಆಟಗಾರ ಮತ್ತು ಏಜೆಂಟ್ ನಡುವಿನ ಒಪ್ಪಂದ ಹೆಚ್ಚೆಂದರೆ ಎರಡು ವರ್ಷ, ಅದು ತಾನಾಗಿಯೇ ಮುಂದುವರಿಯುವಂತಿಲ್ಲ. ಆಟಗಾರ ಮತ್ತು ಕ್ಲಬ್ ನಡುವಿನ ಕಾಂಟ್ರಾಕ್ಟ್ ಸಾಮಾನ್ಯವಾಗಿ ಐದು ವರ್ಷದವರೆಗೆ, 18 ತುಂಬದವರಿಗೆ ಮೂರೇ ವರ್ಷ. ಕ್ಲಬ್ ಎರಡು ತಿಂಗಳ ಸಂಬಳ ಬಾಕಿ ಉಳಿಸಿಕೊಂಡರೆ, ಆಟಗಾರ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಗಡುವು ಕೊಡಬೇಕು, ಆಗಲೂ ದುಡ್ಡು ಬಾರದಿದ್ದರೆ ಕಾಂಟ್ರಾಕ್ಟ್ ಮುರಿಯಲು ಅವನಿಗೆ ನ್ಯಾಯವಾದ ಕಾರಣ ಇರುತ್ತದೆ. ನೋಟಿಸ್ ಕೊಡದೆ ಸಿಟ್ಟಿನಲ್ಲಿ ಊರಿಗೆ ಹೊರಟುಬಂದ ಆಟಗಾರನ ಕೇಸು ಎಷ್ಟು ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೆ ಅಂತ ಯೋಚಿಸಿ. ಏಜೆಂಟ್ ಅನ್ನೋನು ಬೇಕಾಗೋದು ಇಂಥ ಹೊತ್ತಿಗೇ ಅಲ್ವಾ?

ಲೆಕ್ಕ ನಿಮಗೆ ಸುಲಭ ಆಗಬೇಕು, ಆಡಿಟರ್ ಆಫೀಸಿನವರು. ಕಾಂಟ್ರಾಕ್ಟ್ ಮುಗಿಯುವ ಮೊದಲೇ ಆಟಗಾರ ಬೇರೆ ದೇಶದ ಕ್ಲಬ್‌ಗೆ ಟ್ರಾನ್ಸ್‌ಫರ್ ಆದಾಗ, ಹೊಸ ಕ್ಲಬ್ ಕೊಡುವ ಮೊತ್ತದ 5 ಪರ್ಸೆಂಟ್ ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಿಕೆಯಾಗುತ್ತದೆ. 12ರಿಂದ 15ನೇ ಹುಟ್ಟುಹಬ್ಬ ಬರುವ ವರ್ಷಗಳಿಗೆ ಮೊತ್ತದ ತಲಾ 0.25 ಪರ್ಸೆಂಟ್, 16ರಿಂದ 23ರವರೆಗಿನವಕ್ಕೆ ತಲಾ 0.5 ಪರ್ಸೆಂಟ್. ಮೊತ್ತ ಒಂದು ಕೋಟಿ ಅಂತಿಟ್ಟುಕೊಳ್ಳಿ, ಹುಡುಗ 14, 15, 16ನೇ ಹುಟ್ಟುಹಬ್ಬ ಬಂದ ಮೂರು ವರ್ಷ ಪೂರ್ತಿ ಒಂದು ಸಣ್ಣ ಕ್ಲಬ್‌ನಲ್ಲಿ ನೋಂದಣಿಯಾಗಿ ಆಡಿದ್ದರೆ, 25 ಸಾವಿರ, ಮತ್ತೆ 25 ಸಾವಿರ, ಆಮೇಲೆ 50 ಸಾವಿರ, ಒಟ್ಟು ಒಂದು ಲಕ್ಷ ಆ ಕ್ಲಬ್‌ಗೆ ಸೇರಬೇಕು. ನಮ್ಮ ಕಡೆಯ ಸಣ್ಣ ಕ್ಲಬ್‌ಗಳು ಹುಡುಗರ ನೋಂದಣಿಯನ್ನು ಸರಿಯಾಗಿ ಮಾಡಿಸಬೇಕು ಅಂತ ನಾನು ಸಿಕ್ಕವರಿಗೆಲ್ಲ ಹೇಳೋದು ಇದಕ್ಕೇ. ದಾಖಲೆ ಇಲ್ಲದಿದ್ದರೆ ಆ ಒಂದು ಲಕ್ಷ ಕೇಳೋದು ಹೇಗೆ?

ಇನ್ನು ಭಾಷೆ. ಪರೀಕ್ಷೆ ಇರೋದು ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್‌ನಲ್ಲಿ. ಕನ್ನಡ ಮೀಡಿಯಂ ಅಂತ ಹೆದರಬೇಡಿ, ಇಲ್ಲಿ ಪ್ರಬಂಧ ಬರೆಯೋದಿಲ್ಲ. ಪದೇ ಪದೇ ಬರುವ ಕಾನೂನು ಪದ ಅಷ್ಟೇನೂ ಜಾಸ್ತಿ ಇಲ್ಲ. ಒಂದು ಇನ್ನೂರು ಪುಟದ ನೋಟ್‌ಬುಕ್ ತಗೊಂಡು, ಎಡಕ್ಕೆ ಇಂಗ್ಲಿಷ್ ಕಲಂನ ನಂಬರ್ ಮತ್ತು ಮುಖ್ಯ ಸಾಲು, ಬಲಕ್ಕೆ ಅದನ್ನೇ ನಿಮ್ಮ ಮಾತಿನ ಕನ್ನಡದಲ್ಲಿ ಬರೆಯಿರಿ. ತಮ್ಮನಿಗೆ ಹೇಳಿಕೊಡುವ ಹಾಗೆ ಬರೆಯಲು ಆಗಲಿಲ್ಲ ಅಂದ್ರೆ ಆ ಕಲಂ ಇನ್ನೂ ತಲೆಗೆ ಹತ್ತಿಲ್ಲ ಅಂತ ತಿಳ್ಕೊಳ್ಳಿ. "ಮಾಡಬಹುದು", "ಮಾಡಲೇಬೇಕು", "ಹೊರತುಪಡಿಸಿ" ಅನ್ನುವ ಅರ್ಥದ ಪದಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿ. ಕೆಲಸ ಮಾಡುತ್ತಾ ಓದುವವರಿಗೆ ನಾಲ್ಕೈದು ತಿಂಗಳು ಬೇಕು, ದಿನಾ ಬೆಳಿಗ್ಗೆ ಒಂದು ಗಂಟೆ ತಪ್ಪಿಸದೆ ಕೂತರೆ. ಕೊನೇ ತಿಂಗಳು ಓದೋದು ಕಡಿಮೆ ಮಾಡಿ ಗಡಿಯಾರ ಎದುರಿಗಿಟ್ಟು ಪ್ರಶ್ನೆ ಬಿಡಿಸಿ.

2023ರಲ್ಲಿ ಕೇಂದ್ರಕ್ಕೇ ಹೋಗಿ ಬರೆಯಬೇಕಿತ್ತು, 2025ರಲ್ಲಿ ಆನ್‌ಲೈನ್ ಆಯಿತು. ಮನೆಯಲ್ಲೇ ಬರೆಯುವ ಹಾಗಿದ್ದರೆ ಕರೆಂಟು ಹೋದರೆ ಏನು ಅನ್ನೋದನ್ನು ಮೊದಲೇ ಯೋಚಿಸಿ. ರೂಟರ್‌ಗೆ ಯುಪಿಎಸ್ ಇರಲಿ. ಇಲ್ಲವೇ ಇನ್ವರ್ಟರ್ ಇರುವ ಸ್ನೇಹಿತರ ಮನೆಯ ಒಂದು ಕೋಣೆ ಕೇಳಿಟ್ಟುಕೊಳ್ಳಿ.

ಪ್ರಶ್ನೆ: ನಾವು ಮೂವರು ಗೆಳೆಯರು ಸೇರಿ ದಾವಣಗೆರೆಯಲ್ಲಿ ಮಕ್ಕಳಿಗೆ ಫುಟ್‌ಬಾಲ್ ಅಕಾಡೆಮಿ ನಡೆಸುತ್ತಿದ್ದೇವೆ. ನಾನು ಪರೀಕ್ಷೆ ಬರೆದು ನಮ್ಮ ಹುಡುಗರಿಗೆ ನಾನೇ ಏಜೆಂಟ್ ಆಗಬಹುದಾ?

ಉತ್ತರ: ಅಕಾಡೆಮಿಯಲ್ಲಿ ಪಾಲು ಇಟ್ಟುಕೊಂಡು ಆಗಲ್ಲ. ಕ್ಲಬ್, ಅಕಾಡೆಮಿ, ಲೀಗ್ ಯಾವುದರಲ್ಲೂ ಏಜೆಂಟ್‌ಗೆ ಹಿತಾಸಕ್ತಿ ಇರಕೂಡದು. ಕ್ಲಬ್ ಅಥವಾ ಫೆಡರೇಶನ್‌ನ ನೌಕರರೂ ಅರ್ಹರಲ್ಲ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನನ್ನನ್ನು ಕೇಳಿದರೆ ಅಕಾಡೆಮಿಯನ್ನೇ ಇಟ್ಟುಕೊಳ್ಳಿ ಅಂತೀನಿ, ಕ್ರಿಕೆಟ್ಟೇ ಎಲ್ಲ ಆಗಿರುವ ನಮ್ಮ ಊರುಗಳಲ್ಲಿ ಮಕ್ಕಳಿಗೆ ಚೆಂಡು ಒದೆಯೋಕೆ ಕಲಿಸುವವರೇ ಕಡಿಮೆ.

ಪ್ರಶ್ನೆ: ಲೈಸೆನ್ಸ್ ಸಿಕ್ಕರೆ ಎಷ್ಟು ದುಡಿಯಬಹುದು? ಕೆಲಸ ಬಿಡಬಹುದಾ? (ಹೊಳಲ್ಕೆರೆಯಿಂದ ಒಬ್ಬರು)

ಉತ್ತರ: ಈಗಲೇ ಬಿಡಬೇಡಿ. ಲೈಸೆನ್ಸ್‌ಗೆ ವರ್ಷಕ್ಕೆ 600 ಡಾಲರ್ ಕಟ್ಟಬೇಕು, ಅಂದರೆ ನಮ್ಮ ದುಡ್ಡಲ್ಲಿ ಐವತ್ತು ಸಾವಿರದ ಆಸುಪಾಸು. ಫಿಫಾ ಹಾಕಿದ್ದ ಮಿತಿಯ ಪ್ರಕಾರ ಆಟಗಾರನ ವರ್ಷದ ಸಂಬಳ 2 ಲಕ್ಷ ಡಾಲರ್ ಒಳಗಿದ್ದರೆ ಏಜೆಂಟ್‌ಗೆ 5 ಪರ್ಸೆಂಟ್, ಅದಕ್ಕಿಂತ ಮೇಲಿನ ಮೊತ್ತಕ್ಕೆ 3 ಪರ್ಸೆಂಟ್. ಜರ್ಮನಿಯ ಕೋರ್ಟಿನ ತಡೆಯಾಜ್ಞೆಯ ನಂತರ 2023ರ ಡಿಸೆಂಬರ್ 30ರಂದು ಈ ಮಿತಿಯೂ ಸೇರಿ ಕೆಲವು ನಿಯಮಗಳನ್ನು ಫಿಫಾ ಅಮಾನತಿನಲ್ಲಿಟ್ಟಿತು. ಆದರೂ ಲೆಕ್ಕಕ್ಕೆ ಅದನ್ನೇ ಹಿಡಿದು ನೋಡಿ. ವರ್ಷಕ್ಕೆ 10 ಲಕ್ಷ ದುಡಿಯುವ ಆಟಗಾರನಿಂದ ಸಿಗೋದು 50 ಸಾವಿರ, ಅದು ಲೈಸೆನ್ಸ್ ಫೀಗೇ ಸರಿಹೋಗುತ್ತೆ. ಬೆಂಗಳೂರಿಗೆ ಓಡಾಡುವ ಖರ್ಚು ಬೇರೆ. ಇಂಥ ನಾಲ್ಕಾರು ಆಟಗಾರರು ನಿಮ್ಮನ್ನು ನಂಬಿ ಬರುವ ತನಕ ಈಗಿನ ಕೆಲಸ ಇರಲಿ.

ಪ್ರಶ್ನೆ: ನಾನು ಚಿತ್ರದುರ್ಗದ ಗೃಹಿಣಿ. ನನ್ನ ಮಗನಿಗೆ 15 ವರ್ಷ, ಚೆನ್ನಾಗಿ ಆಡುತ್ತಾನೆ. ಪರಿಚಯದವರ ಮೂಲಕ ಬಂದ ಒಬ್ಬರು ತಾನು ಏಜೆಂಟ್, ಎರಡು ಲಕ್ಷ ಕೊಟ್ಟರೆ ವಿದೇಶದ ಕ್ಲಬ್‌ಗೆ ಸೇರಿಸುತ್ತೇನೆ ಅನ್ನುತ್ತಿದ್ದಾರೆ. ನಮ್ಮ ಯಜಮಾನರು ಸಾಲ ಮಾಡಿಯಾದರೂ ಕೊಡೋಣ ಅಂತಿದ್ದಾರೆ. ಏನು ಮಾಡಲಿ?

ಉತ್ತರ: ಅಮ್ಮಾ, ದಯವಿಟ್ಟು ಕೊಡಬೇಡಿ. ನಿಮ್ಮ ಪತ್ರ ಓದಿ ನನಗೆ ನಿಜಕ್ಕೂ ಸಂಕಟ ಆಯಿತು.

18 ತುಂಬದ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್‌ಗೆ ಹೋಗೋದನ್ನು ಫಿಫಾದ ಟ್ರಾನ್ಸ್‌ಫರ್ ನಿಯಮಾವಳಿಯ 19ನೇ ಕಲಂ ತಡೆಯುತ್ತದೆ. ವಿನಾಯಿತಿಗಳು ಕೆಲವೇ ಕೆಲವು. ಅಪ್ಪ ಅಮ್ಮ ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಆ ದೇಶಕ್ಕೆ ಹೋಗಿ ನೆಲೆಸೋದು, ಗಡಿಯ ಹತ್ತಿರ ಮನೆ ಇರೋದು, ಇಂಥವು. ದುಡ್ಡು ಕೊಟ್ಟು ಸೇರಿಸೋದು ಅನ್ನುವ ದಾರಿ ಅದರಲ್ಲಿ ಇಲ್ಲವೇ ಇಲ್ಲ. ಅದೂ ಅಲ್ಲದೆ ಹುಡುಗ ವೃತ್ತಿಪರ ಕಾಂಟ್ರಾಕ್ಟ್‌ಗೆ ಸಹಿ ಹಾಕುವ ಸಂದರ್ಭ ಬಿಟ್ಟರೆ ಏಜೆಂಟ್ ಮಕ್ಕಳ ಕಡೆಯಿಂದ ಫೀಸು ತಗೊಳ್ಳುವ ಹಾಗೇ ಇಲ್ಲ. ಮೊದಲೇ ಎರಡು ಲಕ್ಷ ಕೊಡಿ ಅಂದ ಕೂಡಲೇ ಅನುಮಾನ ಪಡಬೇಕು.

ಅವರ ಪೂರ್ತಿ ಹೆಸರು ಮತ್ತು ಲೈಸೆನ್ಸ್ ನಂಬರ್ ಕೇಳಿ. ಫಿಫಾದ ವೆಬ್‌ಸೈಟಿನಲ್ಲಿ ಲೈಸೆನ್ಸ್ ಇರುವ ಏಜೆಂಟ್‌ಗಳ ಪಟ್ಟಿ ಯಾರು ಬೇಕಾದರೂ ನೋಡುವಂತೆ ಇದೆ, ಮಗನ ಹತ್ತಿರವೇ ಹುಡುಕಿಸಿ. ಅದರಲ್ಲಿ ಹೆಸರಿಲ್ಲ ಅಂದ್ರೆ ಮಾತು ಅಲ್ಲಿಗೇ ನಿಲ್ಲಿಸಿ. ಹೆಸರಿದ್ದರೂ ದುಡ್ಡು ಕೇಳಿದ್ದನ್ನು ಮರೆಯಬೇಡಿ. ಅವರು ಕಳಿಸಿದ ವಾಟ್ಸಾಪ್ ಮೆಸೇಜುಗಳನ್ನು ಅಳಿಸಬೇಡಿ, ಆಧಾರ್, ಪಾಸ್‌ಪೋರ್ಟ್ ಕೊಟ್ಟಿದ್ದರೆ ವಾಪಸ್ ಪಡೆಯಿರಿ, ಖಾಲಿ ಹಾಳೆಗೆ ಯಾರೂ ಸಹಿ ಹಾಕಬೇಡಿ. ಆಗಲೇ ಸ್ವಲ್ಪ ದುಡ್ಡು ಕೊಟ್ಟಿದ್ದರೆ ನಾಚಿಕೆ ಪಟ್ಟುಕೊಂಡು ಸುಮ್ನೆ ಕೂರಬೇಡಿ, ಪೊಲೀಸ್ ಸ್ಟೇಷನ್‌ಗೆ ಹೋಗಿ ದೂರು ಕೊಡಿ.

ಮಗನಿಗೆ ಬಯ್ಯಬೇಡಿ, ಆಟ ಬಿಡಿಸಬೇಡಿ. ಅವನಿಗೆ ಈಗ ಬೇಕಾಗಿರೋದು ಸರಿಯಾಗಿ ನೋಂದಣಿಯಾದ ಒಂದು ಕ್ಲಬ್, ವಯಸ್ಸಿಗೆ ತಕ್ಕ ಪಂದ್ಯಗಳು. ಕರ್ನಾಟಕ ರಾಜ್ಯ ಫುಟ್‌ಬಾಲ್ ಸಂಸ್ಥೆ ಬೆಂಗಳೂರಿನಲ್ಲಿದೆ, ಕಿರಿಯರ ಆಯ್ಕೆ ಯಾವಾಗ, ಯಾವ ಕಾಗದ ತರಬೇಕು ಅಂತ ಅಲ್ಲೇ ನೇರವಾಗಿ ವಿಚಾರಿಸಿ. ಜನನ ಪ್ರಮಾಣಪತ್ರದಲ್ಲಿ, ಶಾಲೆಯ ದಾಖಲೆಯಲ್ಲಿ, ಆಧಾರ್‌ನಲ್ಲಿ ಹುಟ್ಟಿದ ದಿನ ಒಂದೇ ಇದೆಯಾ ಅಂತ ಈಗಲೇ ನೋಡಿಕೊಳ್ಳಿ, ವ್ಯತ್ಯಾಸ ಇದ್ದರೆ ರಜೆಯಲ್ಲೇ ಸರಿ ಮಾಡಿಸಿಬಿಡಿ.