ಯುದ್ಧ ಆದ ಮೇಲೆ ಹೇಳುವವರು, ಮೊದಲೇ ಹೇಳಿದವರು

ಪತ್ರ: ಕಳೆದ ಸಂಚಿಕೆಯ ಲೇಖನದಲ್ಲಿ ದೇಶ-ದೇಶಗಳ ಸಂಬಂಧಕ್ಕೆ ಮೂರು ಸಿದ್ಧಾಂತ ಕೊಟ್ಟಿದ್ದೀರಿ: ವಾಸ್ತವವಾದ, ಉದಾರವಾದ, ರಚನಾವಾದ. ಉಕ್ರೇನ್ ಯುದ್ಧ ಶುರುವಾದ ಮೇಲೆ ಮೂರೂ ‘ನಾವು ಹೇಳಿದ್ದೇ ಆಯ್ತು’ ಎನ್ನುತ್ತವೆ. ಇದಕ್ಕೂ ಜ್ಯೋತಿಷ್ಯಕ್ಕೂ ಏನು ವ್ಯತ್ಯಾಸ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೂರೂ ಹಾಗೆ ಹೇಳುವಂತಿಲ್ಲ. ವ್ಯಾಪಾರ ಬೆಳೆದರೆ ಯುದ್ಧ ದೂರವಾಗುತ್ತದೆ ಎನ್ನುವ ಉದಾರವಾದ 2022ರಲ್ಲಿ ಪೆಟ್ಟು ತಿಂದಿತು. ಜರ್ಮನಿ ರಷ್ಯಾದ ಗ್ಯಾಸ್ ಎಷ್ಟು ಕೊಂಡಿದ್ದರೂ ಟ್ಯಾಂಕುಗಳು ನಿಲ್ಲಲಿಲ್ಲ.

ದೇಶವನ್ನು ಕೊನೆಗೆ ಕಾಯುವುದು ಅದರ ಶಕ್ತಿಯೇ ಎನ್ನುವ ವಾಸ್ತವವಾದದ ಕಥೆ ಬೇರೆ. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ಉಕ್ರೇನಿನ ನೆಲದಲ್ಲಿ ಸುಮಾರು 1,900 ದೂರಗಾಮಿ ಅಣು ಸಿಡಿತಲೆಗಳು ಉಳಿದವು. 1993ರಲ್ಲಿ ಅಮೆರಿಕದ ವಾಸ್ತವವಾದಿ ವಿದ್ವಾಂಸ ಜಾನ್ ಮಿಯರ್‌ಶೈಮರ್ ‘ಅವನ್ನು ಬಿಟ್ಟುಕೊಡಬಾರದು’ ಎಂದು ಬರೆದರು. ದೇಶಗಳಿಗೆ ದೂರು ಕೊಡಲು ಪೊಲೀಸ್ ಠಾಣೆ ಇಲ್ಲ, ಪಕ್ಕದಲ್ಲಿರುವುದು ರಷ್ಯಾ. ಇಷ್ಟೇ ಅವರ ವಾದ. ಉಕ್ರೇನ್ ಕೇಳಲಿಲ್ಲ. 1994ರ ಡಿಸೆಂಬರಿನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಮೂರೂ ಅದರ ಗಡಿಯನ್ನು ಗೌರವಿಸುತ್ತೇವೆಂದು ಬುಡಾಪೆಸ್ಟಿನಲ್ಲಿ ಸಹಿ ಹಾಕಿದವು. 1996ರ ಹೊತ್ತಿಗೆ ಸಿಡಿತಲೆಗಳೆಲ್ಲ ರಷ್ಯಾ ಸೇರಿದವು. 2014ರಲ್ಲಿ ಉಕ್ರೇನಿನ ಕ್ರೈಮಿಯಾ ಪ್ರದೇಶವನ್ನು ರಷ್ಯಾ ಕಿತ್ತುಕೊಂಡಿತು. 1993ರ ಆ ಎಚ್ಚರಿಕೆ ತಾರೀಖು ಹಾಕಿ ಅಚ್ಚಾದ ಮಾತು. ಸುಮ್ನೆ ಕವಡೆ ಹಾಕಿ ಹೇಳಿದ್ದಲ್ಲ.

ಹಾಗಂತ ವಾಸ್ತವವಾದಕ್ಕೆ ಪೂರ್ತಿ ಅಂಕ ಕೊಡಬೇಡಿ. ಶಕ್ತಿಯೇ ಎಲ್ಲ ಎನ್ನುವುದಾದರೆ ಉಕ್ರೇನ್ ಬಾಂಬುಗಳನ್ನು ಹಿಡಿದಿಟ್ಟುಕೊಳ್ಳಬೇಕಿತ್ತು, ಅಲ್ವಾ? ಹಾರಿಸುವ ಕೋಡ್ ಮಾಸ್ಕೋದಲ್ಲಿತ್ತು, ಖಜಾನೆಯೂ ಬರಿದಾಗಿತ್ತು, ನಿಜ. ಬಾಂಬು ಬಿಟ್ಟುಕೊಟ್ಟಿದ್ದಕ್ಕೆ ಬದಲಾಗಿ ಅಮೆರಿಕದ ನೆರವು, ವಿದ್ಯುತ್ ಸ್ಥಾವರಗಳಿಗೆ ರಷ್ಯಾದಿಂದ ಅಣು ಇಂಧನ ಸಿಕ್ಕವು. ಆದರೆ 1990ರ ಜುಲೈನಲ್ಲೇ, ಒಕ್ಕೂಟ ಇನ್ನೂ ಒಡೆಯುವ ಮೊದಲೇ, ಉಕ್ರೇನಿನ ಸಂಸತ್ತು ‘ನಮಗೆ ಅಣ್ವಸ್ತ್ರ ಬೇಡ’ ಎಂದು ಘೋಷಿಸಿತ್ತು. ಉಕ್ರೇನಿನ ಚೆರ್ನೋಬಿಲ್ ಅಣು ಸ್ಥಾವರದ ದುರಂತ ಆಗಿ ಆಗ ನಾಲ್ಕೇ ವರ್ಷ. ಒಂದು ದೇಶ ತನ್ನನ್ನು ಏನೆಂದು ತಿಳಿದುಕೊಂಡಿದೆ ಎಂಬುದರಿಂದಲೇ ಅದರ ಲಾಭ-ನಷ್ಟದ ಲೆಕ್ಕ ಹುಟ್ಟುತ್ತದೆ ಎನ್ನುವ ರಚನಾವಾದಿಗಳಿಗೆ ಇದಕ್ಕಿಂತ ಒಳ್ಳೆ ಸಾಕ್ಷಿ ಬೇಕಿಲ್ಲ. 2021ರ ಜುಲೈನಲ್ಲಿ ಪುಟಿನ್ ರಷ್ಯನ್ನರೂ ಉಕ್ರೇನಿಯನ್ನರೂ ಒಂದೇ ಜನ ಎಂದು ಉದ್ದದ ಲೇಖನ ಬರೆದರು. ಕ್ಷಿಪಣಿ ಎಣಿಸುವವರಿಗೆ ಅದು ಬರೀ ಮಾತು. ನನಗೆ ಹಾಗನ್ನಿಸುವುದಿಲ್ಲ.

ನಿಮ್ಮ ಸಿಟ್ಟು ಸರಿಯಾಗಿ ತಗಲುವ ಜಾಗ ಒಂದಿದೆ. 1993ರಲ್ಲಿ ರಷ್ಯಾದ ಭಯ ತೋರಿಸಿದ ಅದೇ ಮಿಯರ್‌ಶೈಮರ್, 2014ರಲ್ಲಿ ತಪ್ಪು ತಮ್ಮ ಸೇನಾಕೂಟ ನೇಟೋವನ್ನು ವಿಸ್ತರಿಸಿದ ಪಶ್ಚಿಮದ ದೇಶಗಳದ್ದೇ ಜಾಸ್ತಿ ಎಂದು ಬರೆದರು. ಸಿದ್ಧಾಂತ ಅದೇ, ಆರೋಪಿ ಬೇರೆ! ಎರಡೂ ಲೇಖನಗಳನ್ನು ಜೊತೆಗಿಟ್ಟುಕೊಂಡು ಓದಿ. ನನ್ನ ವೋಟು ಮೊದಲನೆಯದಕ್ಕೆ.