ಮಣ್ಣು ಒದ್ದೆ, ಗಿಡಕ್ಕೆ ಮಾತ್ರ ಬಾಯಾರಿಕೆ

ಪ್ರಶ್ನೆ: ಕುಂಡದಲ್ಲಿ ಟೊಮೆಟೊ ಬೆಳೆದಿದ್ದೇನೆ. ಹಾಕುವುದು ಬೋರ್‌ವೆಲ್ ನೀರು, ಸ್ವಲ್ಪ ಉಪ್ಪುಪ್ಪು. ಮಣ್ಣು ಒದ್ದೆ ಇದ್ದರೂ ಮಧ್ಯಾಹ್ನ ಗಿಡ ಬಾಡುತ್ತದೆ. ಕೆಳಗಿನ ಎಲೆಗಳ ಅಂಚು ಸುಟ್ಟಂತಾಗಿದೆ. ಕೆಲವು ಕಾಯಿಗಳ ತಳ ಕಪ್ಪಾಗಿದೆ. ಹಣ್ಣು ಸಣ್ಣದು, ಆದರೆ ತುಂಬಾ ಸಿಹಿ! ಗೊಬ್ಬರ ಜಾಸ್ತಿ ಮಾಡಲೇ?

ಉತ್ತರ: ದಯವಿಟ್ಟು ಬೇಡ. ರಾಸಾಯನಿಕ ಗೊಬ್ಬರವೂ ಉಪ್ಪೇ ಅಲ್ವಾ? ಇರುವ ತೊಂದರೆಗೆ ಇನ್ನಷ್ಟು ಸೇರಿಸಿದಂತಾಗುತ್ತದೆ.

ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಟ್ಟಿದೆಯಾ, ನೋಡಿ. ನೀರು ಆರಿಹೋಗಿ ಉಪ್ಪು ಉಳಿದ ಗುರುತು ಅದು. ಎಲೆಯಲ್ಲೂ ಇದೇ ಆಗಿದೆ. ಬೇರು ಎಳೆದ ನೀರಿನ ಜೊತೆ ಉಪ್ಪೂ ಮೇಲೇರುತ್ತದೆ. ನೀರು ಆವಿಯಾಗುತ್ತದೆ, ಉಪ್ಪು ಅಲ್ಲೇ ಕೂರುತ್ತದೆ. ಹಳೇ ಎಲೆ ಹೆಚ್ಚು ದಿನ ನೀರು ಬಿಟ್ಟಿರುವುದರಿಂದ ಅದೇ ಮೊದಲು ಸುಡುತ್ತದೆ.

ಬಾಡುವುದಕ್ಕೂ ಉಪ್ಪೇ ಕಾರಣ. ಬೇರಿನ ಸುತ್ತಲಿನ ನೀರನ್ನು ಉಪ್ಪು ಹಿಡಿದಿಟ್ಟುಕೊಳ್ಳುತ್ತದೆ, ಎಳೆದುಕೊಳ್ಳಲು ಬೇರು ಒದ್ದಾಡಬೇಕು. ಕಾಯಿಗೆ ನೀರು ಕಡಿಮೆ ಸೇರಿದಾಗ ಗಾತ್ರ ಕುಗ್ಗಿ, ಸಕ್ಕರೆ, ಹುಳಿ ಎರಡೂ ಗಟ್ಟಿಯಾಗುತ್ತವೆ. ನಿಮಗೆ ಸಿಕ್ಕ ರುಚಿ ಅದೇ. ಇದಕ್ಕಾಗಿಯೇ ಬೇಕಂತಲೇ ಸ್ವಲ್ಪ ಉಪ್ಪು ಕೊಟ್ಟು ಬೆಳೆಯುವವರೂ ಇದ್ದಾರೆ! ತಳ ಕಪ್ಪಾಗುವುದು ರೋಗವಲ್ಲ, ಕಾಯಿಯ ತುದಿಗೆ ಕ್ಯಾಲ್ಸಿಯಂ ಸಾಲದೆ ಆಗುವುದು. ಅದು ನೀರಿನ ಹರಿವಿನ ಜೊತೆಗೇ ಸಾಗಬೇಕು. ಹರಿವೇ ಕಡಿಮೆಯಾದಾಗ ಬಂದಷ್ಟನ್ನು ಎಲೆಗಳೇ ಎಳೆದುಕೊಳ್ಳುತ್ತವೆ.

ಟೊಮೆಟೊ ಅಷ್ಟೇನೂ ನಾಜೂಕಲ್ಲ. ಮಣ್ಣಿನ ಇಸಿ, ಅಂದರೆ ಉಪ್ಪಿನ ಅಳತೆ, ಮೀಟರಿಗೆ ಸುಮಾರು 2.5 ಡೆಸಿಸೀಮನ್ಸ್ ಆಗುವವರೆಗೆ ಇಳುವರಿ ಇಳಿಯುವುದಿಲ್ಲ. ಅಲ್ಲಿಂದ ಮೇಲೆ ಒಂದೊಂದು ಅಂಕಕ್ಕೂ ಹತ್ತಿರಹತ್ತಿರ ಶೇ. 10ರಷ್ಟು ಹೋಗುತ್ತದೆ. ಗ್ಯಾಲಪಗೋಸ್ ದ್ವೀಪಗಳ ಕಡಲಂಚಿನಲ್ಲಿ ಬೆಳೆಯುವ ಕಾಡು ಟೊಮೆಟೊ ಇದಕ್ಕಿಂತ ಎಷ್ಟೋ ಜಾಸ್ತಿ ಉಪ್ಪು ತಾಳುತ್ತದೆ. ನಿಮ್ಮ ಕುಂಡದ್ದು ಅಷ್ಟು ಗಟ್ಟಿಗನಲ್ಲ, ಬಿಡಿ.

ಈಗ ಮಾಡಬೇಕಾದ್ದು ಮಣ್ಣು ತೊಳೆಯುವುದು. ಮಳೆನೀರು ಅಥವಾ ಉಪ್ಪಿಲ್ಲದ ನೀರನ್ನು, ಕುಂಡ ಹಿಡಿಯುವಷ್ಟರ ಎರಡು ಪಟ್ಟು, ನಿಧಾನವಾಗಿ ಸುರಿಯಿರಿ. ತೂತಿನಿಂದ ಧಾರಾಳವಾಗಿ ಹರಿದುಹೋಗಲಿ. ಕೆಳಗಿನ ತಟ್ಟೆಯಲ್ಲಿ ನಿಂತ ನೀರನ್ನು ಚೆಲ್ಲಿಬಿಡಿ, ಇಲ್ಲದಿದ್ದರೆ ಅದೇ ಉಪ್ಪು ಮತ್ತೆ ಮೇಲೇರುತ್ತದೆ. ಆಮೇಲೆ ಮಣ್ಣಿನ ಮೇಲೆ ಒಣ ಎಲೆ ಹೊದಿಸಿ. ದಿನಾ ಸುಮ್ನೆ ಒಂದೊಂದು ಲೋಟ ಹಾಕುವ ಅಭ್ಯಾಸ ಇದ್ದರೆ ಬಿಡಿ. ಹಾಕಿದಾಗಲೆಲ್ಲ ತಳದಿಂದ ಸ್ವಲ್ಪ ಹೊರಬರುವಷ್ಟು ಹಾಕಿ.

ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ. ತುದಿಯಲ್ಲಿ ಬರುವ ಹೊಸ ಎಲೆಗಳನ್ನು ಗಮನಿಸುತ್ತಿರಿ.