ಮೀಟರಿಗೆ ಕಾಣದ್ದು

ಅಕ್ಕೋರೇ,

ನಿಮ್ಮ ಪತ್ರ ದೊಡ್ಡದಿದೆ. ಪೂರ್ತಿ ಅಚ್ಚು ಹಾಕಲು ಜಾಗ ಸಾಲದ್ದರಿಂದ ಉಳಿದ ಓದುಗರಿಗಾಗಿ ಸಾರಾಂಶ ಹೇಳಿ ಮುಂದೆ ಹೋಗುತ್ತೇನೆ. ನಿಮ್ಮದು ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಅಳಿವೆಗೆ ಹತ್ತಿರದ ಊರು. ಹಿತ್ತಲಲ್ಲಿ ಚಿರೇಕಲ್ಲು ಕಡಿದು ತೋಡಿದ ಹಳೇ ಬಾವಿ. ಮಳೆಗಾಲಕ್ಕೆ ಮೊದಲು ನೀರು ಶುದ್ಧ ಮಾಡುವ ಯಂತ್ರ ಮಾರುವ ಹುಡುಗನೊಬ್ಬ ಬಂದು ನಿಮ್ಮ ಬಾವಿ ನೀರಿಗೆ ಮೀಟರು ಅದ್ದಿದ. 68 ಎಂದು ತೋರಿಸಿತು. ಆಚೆಮನೆಯವರ ಬೋರ್‌ವೆಲ್ ನೀರಿಗೆ 900 ದಾಟಿತು. ಆಮೇಲೆ ಆ ನೀರನ್ನೂ ತನ್ನ ಯಂತ್ರದ ನೀರನ್ನೂ ಎರಡು ಲೋಟದಲ್ಲಿಟ್ಟು ಕರೆಂಟಿನ ಕಡ್ಡಿ ಅದ್ದಿದ. ಬೋರ್‌ವೆಲ್ ನೀರು ಕಂದಾಗಿ ಗಸಿ ಎದ್ದಿತು, ಯಂತ್ರದ ನೀರು ಹಾಗೇ ಇತ್ತು. ಆಚೆಮನೆಯವರು ಹೆದರಿ ಅಂದೇ ಮುಂಗಡ ಕೊಟ್ಟರು. ನಿಮಗೆ "ನಿಮ್ಮದು ಎ ಒನ್ ನೀರು" ಎಂದು ಹೇಳಿ ಹೋದ. ಜುಲೈನಲ್ಲಿ ನಿಮ್ಮ ಮನೆಯ ಎರಡು ಮಕ್ಕಳಿಗೆ ವಾಂತಿ–ಭೇದಿ. "ಎ ಒನ್ ನೀರು ಕುಡಿದೂ ಹೀಗೇಕೆ?" ಎಂಬುದು ನಿಮ್ಮ ಮೊದಲ ಪ್ರಶ್ನೆ. ಶಾಲೆಯ ಮಕ್ಕಳ ಕೈಯಲ್ಲಿ ಹೊಳೆನೀರು ಪರೀಕ್ಷೆ ಮಾಡಿಸುವುದು ಹೇಗೆಂಬುದು ಎರಡನೆಯದು.

ಮೊದಲು ಆ ಕಡ್ಡಿಯಾಟ ಮುಗಿಸಿಬಿಡೋಣ. ಕಡ್ಡಿಗಳಲ್ಲಿ ಕಬ್ಬಿಣವಿರುತ್ತದೆ. ನೀರಿನಲ್ಲಿ ಲವಣ ಕರಗಿದ್ದರೆ ಕರೆಂಟು ಹರಿಯುತ್ತದೆ, ಹರಿದಾಗ ಕಬ್ಬಿಣ ಸವೆದು ತುಕ್ಕಾಗಿ ನೀರಿಗಿಳಿಯುತ್ತದೆ. ನೀವು ಕಂಡ ಗಸಿ ಕಡ್ಡಿಯದು, ನೀರಿನದಲ್ಲ. ಯಂತ್ರದ ನೀರಿನಲ್ಲಿ ಲವಣ ತೆಗೆದಿರುವುದರಿಂದ ಕರೆಂಟು ಹರಿಯಲಿಲ್ಲ, ಅಷ್ಟೇ. ಇನ್ನೊಮ್ಮೆ ಬಂದರೆ ಅವನ ಶುದ್ಧ ನೀರಿನ ಲೋಟಕ್ಕೇ ಒಂದು ಚಿಟಿಕೆ ಉಪ್ಪು ಹಾಕಿ ಕಡ್ಡಿ ಅದ್ದಲು ಹೇಳಿ. ಬೋರ್‌ವೆಲ್ ನೀರಿಗಿಂತ ಬೇಗ ಕಂದಾಗುತ್ತದೆ. ಹುಡುಗನ ಮೇಲೆ ಸಿಟ್ಟು ಬೇಡ. ಕಲಿಸಿ ಕಳಿಸಿದ್ದನ್ನು ಮಾಡಿದ್ದಾನೆ.

ಮೀಟರು ಮಾತ್ರ ಸುಳ್ಳು ಹೇಳಲಿಲ್ಲ. ನೀರು ಎಷ್ಟು ಕರೆಂಟು ಹರಿಸುತ್ತದೆ ಎಂದು ಅಳೆದು ಕರಗಿದ ಲವಣಗಳ ಅಂದಾಜು ಕೊಡುವುದಷ್ಟೇ ಅದರ ಕೆಲಸ. ಇದನ್ನೇ ಟಿಡಿಎಸ್ ಅನ್ನುವುದು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 2000ದವರೆಗೂ ನಡೆಯುತ್ತದೆ. ಹಾಗಾಗಿ ಆಚೆಮನೆಯ 900 ಕೂಡ ವಿಷವಲ್ಲ. ನಿಮ್ಮ 68ಕ್ಕೆ ಕಾರಣ ಚಿರೇಕಲ್ಲು. ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಸುರಿಯುವ ಮಳೆ ಯುಗಗಟ್ಟಲೆ ತೊಳೆದು, ಕರಗುವ ಲವಣವನ್ನೆಲ್ಲ ಒಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿಸಿದ ಕಲ್ಲು ಅದು. ಅದರ ನೀರು ತೆಳು ಇರಲೇಬೇಕು. ಇಂಥ ನೀರಿಗೆ ಲವಣ ತೆಗೆಯುವ ಆರ್‌ಓ ಯಂತ್ರ ಹಾಕುವುದು ದುಡ್ಡೂ ದಂಡ, ನೀರೂ ದಂಡ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ಹೇಳಿತ್ತು.

ಆದರೆ ಬ್ಯಾಕ್ಟೀರಿಯಾ ಲವಣವಲ್ಲ. ಒಂದು ಗ್ರಾಂ ಮಲದಲ್ಲಿ ಇ. ಕೋಲಿ ಕೋಟಿಗಟ್ಟಲೆ ಇರುತ್ತದೆ. ಹತ್ತು ಸಾವಿರ ಲೀಟರಿನ ಬಾವಿಗೆ ಅಂಥ ಒಂದೇ ಒಂದು ಗ್ರಾಂ ಸೇರಿತೆನ್ನಿ, ಪ್ರತಿ 100 ಮಿ.ಲೀ. ನೀರಿಗೆ ನೂರರ ಲೆಕ್ಕದಲ್ಲಿ ಇ. ಕೋಲಿ ಬಂತು. ಮಾನಕದ ಪ್ರಕಾರ ಅಲ್ಲಿ ಒಂದೂ ಇರಕೂಡದು. ಆಗಲೂ ಮೀಟರಿನಲ್ಲಿ ಅದೇ 68.

ನಿಮ್ಮ ಪತ್ರದ ಮೂರನೇ ಪುಟದ ಅಂಚಿನಲ್ಲಿ ಬರೆದದ್ದು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು: "ಆಚೆಮನೆಯವರ ಹೊಸ ಪಾಯಖಾನೆ ಗುಂಡಿ ನಮ್ಮ ಬಾವಿಯಿಂದ ಎಂಟು ಮಾರು ದೂರ, ಸ್ವಲ್ಪ ಎತ್ತರದಲ್ಲಿದೆ." ಎಂಟು ಮಾರು ಅಂದರೆ 14 ಮೀಟರು ಚಿಲ್ಲರೆ. ಸಾಮಾನ್ಯವಾಗಿ ಹೇಳುವ 10 ಮೀಟರಿನ ನಿಯಮಕ್ಕೆ ಇದು ಸರಿಹೋಗುತ್ತದೆ. ಆದರೆ ಆ ನಿಯಮ ನೀರನ್ನು ನಿಧಾನವಾಗಿ ಸೋಸಿ ಬಿಡುವ ನಯ ಮಣ್ಣಿಗೆ. ಚಿರೇಕಲ್ಲಿನೊಳಗೆ ಬೆರಳು ತೂರುವಷ್ಟು ತೂತು, ಕೊಳವೆಗಳಿರುತ್ತವೆ. ನೀರು ಸೋಸಿಹೋಗುವುದಿಲ್ಲ, ಓಡುತ್ತದೆ. ಪರಿಹಾರ ಶಿಬಿರಗಳ ಅಂತರರಾಷ್ಟ್ರೀಯ ಮಾನದಂಡವೊಂದು 30 ಮೀಟರು ದೂರ ಕೇಳುತ್ತದೆ, ಬಿರುಕುಬಿಟ್ಟ ಕಲ್ಲಿನ ನೆಲವಾದರೆ ಇನ್ನೂ ಹೆಚ್ಚು. ಗುಂಡಿಯ ತಳ ಅಂತರ್ಜಲಕ್ಕಿಂತ ಕನಿಷ್ಠ ಒಂದೂವರೆ ಮೀಟರು ಮೇಲಿರಬೇಕು ಎಂದೂ ಹೇಳುತ್ತದೆ. ಜುಲೈ ತಿಂಗಳಲ್ಲಿ ಬಾವಿಕಟ್ಟೆ ಮೇಲೆ ಬಗ್ಗಿದರೆ ಕೊಡಪಾನ ಕೈಯಲ್ಲೇ ತುಂಬಿಸಬಹುದಾದ ನಮ್ಮ ಊರುಗಳಲ್ಲಿ ಈ ಒಂದೂವರೆ ಮೀಟರು ಎಲ್ಲಿಂದ ಬರಬೇಕು? ಮಳೆಗಾಲದಲ್ಲಿ ಗುಂಡಿಯ ತಳವೇ ಅಂತರ್ಜಲದಲ್ಲಿ ಮುಳುಗಿರುತ್ತದೆ. ಮಾರ್ಚಿನಲ್ಲಿ ತೋಡಿದವರಿಗೆ ಇದು ಕಾಣುವುದಿಲ್ಲ. ಆಗ ಗುಂಡಿ ಒಣಗಿ ಬಣಬಣ ಎನ್ನುತ್ತಿರುತ್ತದೆ.

ಮಕ್ಕಳ ಹೊಟ್ಟೆ ಕೆಟ್ಟದ್ದು ಈ ನೀರಿನಿಂದಲೇ ಎಂದು ಶಿರಸಿಯಲ್ಲಿ ಕುಳಿತು ನಾನು ಹೇಳಲಾರೆ. ಬಾವಿಯ ಮೇಲೆ ಅನುಮಾನ ಪಡಲು ಕಾರಣವಿದೆ ಎಂದಷ್ಟೇ ಹೇಳುತ್ತೇನೆ. ಇವತ್ತಿನಿಂದಲೇ ನೀರು ಕುದಿಸಿ ಕುಡಿಯಿರಿ, ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಪರೀಕ್ಷೆಗೆ ಸುಲಭದ ದಾರಿ ಎಚ್‌ಟುಎಸ್ ಬಾಟಲಿ. ಮಂಜಾ, ಮೌರ್ಯ, ರಾವ್ ಎಂಬ ನಮ್ಮ ದೇಶದ ಮೂವರು ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ವಿಧಾನ ಇದು. ಔಷಧ ಹಾಕಿದ ಪುಟ್ಟ ಬಾಟಲಿಗೆ ಗೆರೆಯವರೆಗೆ ನೀರು ತುಂಬಿ ಅಡುಗೆಮನೆಯ ಬೆಚ್ಚಗಿನ ಮೂಲೆಯಲ್ಲಿಡಬೇಕು. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಶಂಕೆ. ಕಪ್ಪಾಗದಿದ್ದರೆ ನಿರಾಳ ಎಂದಲ್ಲ, ಮಳೆ ಜೋರಾದಾಗ ಇನ್ನೊಮ್ಮೆ ನೋಡಬೇಕು. ಜಲಜೀವನ ಮಿಷನ್ ಅಡಿ ಹಳ್ಳಿಗೆ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ಕಿಟ್ ಬಳಸಲು ತರಬೇತಿ ಕೊಡಬೇಕೆಂಬ ಯೋಜನೆಯಿದೆ. ಹಾಗಾಗಿ ಪಂಚಾಯ್ತಿಯಲ್ಲಿ ಮೊದಲು ವಿಚಾರಿಸಿ. ಕಿಟ್ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕುಳಿತಿದ್ದರೂ ಆಶ್ಚರ್ಯವಿಲ್ಲ.

ಪಕ್ಕಾ ವರದಿ ಬೇಕೆಂದರೆ ಸರ್ಕಾರಿ ಪ್ರಯೋಗಾಲಯಕ್ಕೆ ಕೊಡಿ. ಕಡಿಮೆ ಶುಲ್ಕಕ್ಕೆ ಜನರ ನೀರನ್ನೂ ಪರೀಕ್ಷಿಸುತ್ತಾರೆ. ಇಲ್ಲಿ ಹೆಚ್ಚಿನವರು ಕೆಡುವುದು ನೀರು ಒಯ್ಯುವಾಗ. ಮಿನರಲ್ ವಾಟರ್ ಬಾಟಲಿ ತೊಳೆದು ತುಂಬಿಕೊಂಡು, ಮರುದಿನದ ಬಸ್ಸಿಗೆ ಬಿಸಿಲಲ್ಲಿ ಒಯ್ದರೆ ವರದಿ ನಿಮ್ಮ ಬಾವಿಯದಲ್ಲ, ಬಸ್ಸಿನದು. ರೋಗಾಣು ಪರೀಕ್ಷೆಗೆ ಪ್ರಯೋಗಾಲಯವೇ ಕೊಡುವ ಕ್ರಿಮಿಶುದ್ಧ ಬಾಟಲಿ ಬೇಕು. ಅದನ್ನು ಗಲಬರಿಸಬಾರದು, ಬಾಯಿ ಮುಟ್ಟಬಾರದು. ಅಂಗಳದಲ್ಲಿ ಬಿದ್ದಿದ್ದ ಹಗ್ಗದ ಕೊಡಪಾನದಿಂದ ಸುರಿಯುವ ಬದಲು ಬಾಟಲಿಗೇ ಶುದ್ಧ ದಾರ, ಭಾರ ಕಟ್ಟಿ ಇಳಿಸಬೇಕು. ಪಂಪಿದ್ದರೆ ಎರಡು ಮೂರು ನಿಮಿಷ ನೀರು ಬಿಟ್ಟು, ನಲ್ಲಿಯ ಬಾಯಿ ಒರೆಸಿ ಹಿಡಿಯಿರಿ. ಐಸ್ ಜೊತೆ ಇಟ್ಟು ಆರು ತಾಸಿನೊಳಗೆ ತಲುಪಿಸುವುದು ಒಳ್ಳೆಯದು, 24 ತಾಸು ದಾಟಲೇಬಾರದು. ರಾಸಾಯನಿಕ ಪರೀಕ್ಷೆಗೆ ಬೇರೆ ಕ್ಯಾನು. ಅದನ್ನು ಅದೇ ನೀರಿನಿಂದ ಮೂರು ಸಲ ತೊಳೆದು ತುಂಬಿದರಾಯಿತು.

ವರದಿ ಬಂದ ಮೇಲೆ ಮೊದಲು ಇ. ಕೋಲಿ ಸಾಲು ನೋಡಿ. ಒಟ್ಟು ಕೋಲಿಫಾರ್ಮ್ ಅಂದರೆ ಇ. ಕೋಲಿಯೂ ಸೇರಿದ ಬ್ಯಾಕ್ಟೀರಿಯಾಗಳ ದೊಡ್ಡ ಗುಂಪು, ಅದು ಕೊಳೆತ ಎಲೆ, ಮಣ್ಣಿನಿಂದಲೂ ಬಂದೀತು. ತೆರೆದ ಬಾವಿಯಲ್ಲಿ ಅದು ಅಪರೂಪವಲ್ಲ. ಇ. ಕೋಲಿ ಇದ್ದರೆ ಮಾತ್ರ ಮನುಷ್ಯರದ್ದೋ ದನಕರುಗಳದ್ದೋ ಮಲ ಸೇರಿದೆ ಎಂದೇ ಅರ್ಥ. ಆಮೇಲೆ ನೈಟ್ರೇಟ್: ಮಿತಿ 45 ಮಿಲಿಗ್ರಾಂ. ಇದು ಆರು ತಿಂಗಳೊಳಗಿನ ಕೂಸುಗಳ ರಕ್ತ ಆಮ್ಲಜನಕ ಒಯ್ಯದಂತೆ ಮಾಡಬಲ್ಲದು, ಕುದಿಸಿದರೆ ಹೋಗುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಇ. ಕೋಲಿ, ನೈಟ್ರೇಟ್, ಕ್ಲೋರೈಡ್ ಮೂರೂ ಒಟ್ಟಿಗೆ ಏರಿದ್ದರೆ ಪಾಯಖಾನೆ ಗುಂಡಿ ಇಲ್ಲವೆ ಕೊಟ್ಟಿಗೆ ಕಡೆ ನೋಡಬೇಕು. ನಿಮ್ಮ ಗೊಬ್ಬರಗುಂಡಿ ಎಲ್ಲಿದೆ ಎಂದು ನೀವು ಬರೆದಿಲ್ಲ! ಪಿಎಚ್ 6.5ಕ್ಕಿಂತ ಕಡಿಮೆ ಬಂದರೆ ಗಾಬರಿ ಬೇಡ. ಚಿರೇಕಲ್ಲಿನ ನೀರು ತುಸು ಆಮ್ಲವೇ. ಅದು ಕಬ್ಬಿಣದ ಪೈಪು ತಿನ್ನುತ್ತದೆ, ಅಷ್ಟು ಗೊತ್ತಿರಲಿ.

ಬಾವಿಗೆ ಬ್ಲೀಚಿಂಗ್ ಪೌಡರು ಹಾಕುವುದನ್ನು ಎಲ್ಲರೂ ಅಂದಾಜಿನ ಮೇಲೆ ಮಾಡುತ್ತಾರೆ, ಮುಷ್ಟಿಗೆ ಬಂದಷ್ಟು. ಲೆಕ್ಕ ಕಷ್ಟವಿಲ್ಲ. ಬಾವಿಯ ಅಡ್ಡಗಲ 2 ಮೀಟರು, ನೀರಿನ ಆಳ 3 ಮೀಟರು ಇದ್ದರೆ ನೀರು ಸುಮಾರು 9,400 ಲೀಟರು. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಹೊಸ ಪೌಡರಿನಂತೆ 24 ಗ್ರಾಂ ಸಾಕು. ಬಕೆಟ್ಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಇನ್ನೊಂದು ಬಕೆಟ್ಟಿಗೆ ತೆಗೆದು, ಬಾವಿ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ರಾತ್ರಿ ಹಾಕಿದರೆ ಬೆಳಿಗ್ಗೆ ಬಳಸಬಹುದು. ಬಾಯಿ ತೆರೆದಿಟ್ಟ ಹಳೇ ಪೊಟ್ಟಣದಲ್ಲಿ ಕ್ಲೋರಿನ್ ಹಾರಿಹೋಗಿ ಬರೀ ಸುಣ್ಣ ಉಳಿದಿರುತ್ತದೆ. ಇಷ್ಟೆಲ್ಲ ಮಾಡಿದರೂ ಗುಂಡಿಯಿಂದ ನೀರು ಬರುತ್ತಿರುವವರೆಗೆ ಇದು ಆ ದಿನದ ಮಟ್ಟಿಗಿನ ಉಪಾಯ.

ಹಾಗಾಗಿ ಆಚೆಮನೆಯವರ ಜೊತೆ ಮಾತಾಡಬೇಕು. ಅದು ಕಷ್ಟವೆಂದು ಗೊತ್ತು. ಸರ್ಕಾರದ ಸಹಾಯಧನ, ಮೇಸ್ತ್ರಿ ಹೇಳಿದ ಅಳತೆ, ಎಲ್ಲ ಸರಿಯಾಗಿಯೇ ಮಾಡಿದ್ದೇವೆ ಎಂಬ ಭಾವನೆ ಅವರದ್ದು, ಅದು ನ್ಯಾಯವೂ ಹೌದು. ವರದಿ ಬೇಲಿಯ ಮೇಲಿಂದ ಬೀಸಬೇಡಿ. ಅವರ ಬೋರ್‌ವೆಲ್ ನೀರನ್ನೂ ಒಟ್ಟಿಗೇ ಪರೀಕ್ಷೆ ಮಾಡಿಸಿ, ಖರ್ಚು ಹಂಚಿಕೊಳ್ಳಿ. ಗುಂಡಿ ಬೇರೆ ಕಡೆ ಒಯ್ಯಲು ಜಾಗವಿಲ್ಲದಿದ್ದರೆ ತಳವನ್ನು ಸಿಮೆಂಟಿನಿಂದ ಮುಚ್ಚಿ, ಆಳ ಕಡಿಮೆ ಮಾಡಿ, ಸುತ್ತ ಅರ್ಧ ಮೀಟರು ದಪ್ಪಕ್ಕೆ ನಯ ಮರಳು ತುಂಬಿಸುವ ಕ್ರಮವಿದೆ. ಚಿರೇಕಲ್ಲು ಮಾಡದ ಸೋಸುವ ಕೆಲಸವನ್ನು ಮರಳು ಮಾಡುತ್ತದೆ.

ಅವರ 900ರ ಬಗ್ಗೆಯೂ ಒಂದು ಮಾತು. ಕಡಲಂಚಿನಲ್ಲಿ ನೆಲದಡಿಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ಸಮುದ್ರಮಟ್ಟಕ್ಕಿಂತ ಮೇಲೆ ಒಂದು ಅಡಿ ಸಿಹಿನೀರಿದ್ದರೆ ಕೆಳಗೆ ಸುಮಾರು 40 ಅಡಿ ಇರುತ್ತದೆಂಬುದು ಹಳೆಯ ಲೆಕ್ಕ. ಪಂಪು ಹಾಕಿ ಮೇಲಿನ ಒಂದಡಿ ಎಳೆದರೆ ಅದೇ ಲೆಕ್ಕದಲ್ಲಿ ಕೆಳಗಿನ ಉಪ್ಪುನೀರು ಸುಮಾರು 40 ಅಡಿ ಮೇಲೇರುತ್ತದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 19,000 ಮಿಲಿಗ್ರಾಂ ಕ್ಲೋರೈಡ್. ನೂರು ಕೊಡ ಸಿಹಿನೀರಿಗೆ ಎರಡು ಕೊಡ ಬೆರೆತರೆ ಸಾಕು, 250ರ ಮಿತಿ ದಾಟಿ ಚಹಾ ಉಪ್ಪುಪ್ಪಾಗುತ್ತದೆ. ಇಂಥದ್ದಕ್ಕೆ ಆ ಅಗ್ಗದ ಮೀಟರೇ ಒಳ್ಳೆಯ ಸಂಗಾತಿ. ಒಂದು ಕೊಂಡು ಜನವರಿಯಿಂದ ಮೇವರೆಗೆ ವಾರಕ್ಕೊಮ್ಮೆ, ಅಮಾವಾಸ್ಯೆ–ಹುಣ್ಣಿಮೆಯ ದೊಡ್ಡ ಭರತಕ್ಕೂ ಒಮ್ಮೆ, ಎರಡೂ ಮನೆಯ ನೀರು ಅಳೆದು ಕ್ಯಾಲೆಂಡರಿನ ಮೇಲೆ ಬರೆದಿಡಿ. ಅಂಕಿ ಏರುತ್ತ ಹೋದರೆ ಬೋರ್‌ವೆಲ್ ಪಂಪಿನ ಹೊತ್ತು ಕಡಿಮೆ ಮಾಡಬೇಕು, ಇನ್ನೂ ಆಳಕ್ಕೆ ಕೊರೆಸುವುದಂತೂ ಬೇಡವೇ ಬೇಡ.

ಶಾಲೆಯ ಮಕ್ಕಳ ವಿಷಯ. ಅಘನಾಶಿನಿ ಶಿರಸಿಯ ಕಡೆ ಹುಟ್ಟಿ ಒಂದೂ ಅಣೆಕಟ್ಟಿಲ್ಲದೆ ನಿಮ್ಮೂರು ತಲುಪುವ ಹೊಳೆ. 2024ರ ಜನವರಿಯಲ್ಲಿ ಅದರ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶ, ಆಗಿದೆ. ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಜಾಗ ಸಿಗದು, ಆದರೆ ಅಳಿವೆ ಮೋಸವನ್ನೂ ಮಾಡುತ್ತದೆ. ಭರತದಲ್ಲಿ ಅಳೆದದ್ದು ಕಡಲು, ಇಳಿತದಲ್ಲಿ ಅಳೆದದ್ದು ಹೊಳೆ. ಹೊತ್ತು ಬರೆಯದ ಅಂಕಿಗೆ ಬೆಲೆಯಿಲ್ಲ. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬೆಳಿಗ್ಗೆ ಸೂರ್ಯ ಏರುವ ಮೊದಲು ನೋಡಬೇಕು, ಏಕೆಂದರೆ ಮಧ್ಯಾಹ್ನ ಪಾಚಿಗಳು ಆಮ್ಲಜನಕ ಬಿಟ್ಟು ಕೊಳಕು ನೀರನ್ನೂ ಚೆನ್ನಾಗಿ ಕಾಣಿಸುತ್ತವೆ. ಸಿಹಿನೀರಿಗೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹಾಕಿದ ಲೆಕ್ಕದಲ್ಲಿ ಸ್ನಾನಕ್ಕೆ ಯೋಗ್ಯವಾಗಲು ಲೀಟರಿಗೆ 5 ಮಿಲಿಗ್ರಾಂ ಆಮ್ಲಜನಕ ಬೇಕು. ಈ ಪರೀಕ್ಷೆಯಲ್ಲಿ ಗಂಧಕಾಮ್ಲ ಬಳಕೆಯಾಗುವುದರಿಂದ ಆಮ್ಲ ಹಾಕುವ ಕೆಲಸ ನಿಮ್ಮ ಕೈಯಲ್ಲೇ ಇರಲಿ.

ಸಣ್ಣವರಿಗೆ ಬೇರೆ ಕೆಲಸ ಕೊಡಿ. ಉಪ್ಪುನೀರು ತಲುಪದ ಮೇಲಿನ ಹಳ್ಳದಲ್ಲಿ ಕಲ್ಲು ಮಗುಚಿ ಅಡಿಯಲ್ಲಿ ಅಂಟಿಕೊಂಡ ಹುಳ ನೋಡಿಸಿ. ಬಾಲದಲ್ಲಿ ಎರಡು ಮೂರು ಎಳೆಯಿರುವ ಚಪ್ಪಟೆ ಮರಿಗಳು ಸಿಕ್ಕರೆ ನೀರಿನಲ್ಲಿ ಆಮ್ಲಜನಕ ಚೆನ್ನಾಗಿದೆ. ಕೆಸರಿನಲ್ಲಿ ಕೆಂಪು ಎಳೆಹುಳಗಳು ಮಾತ್ರ ಇದ್ದರೆ ಮೇಲಿಂದ ಏನೋ ಕೊಳೆ ಬರುತ್ತಿದೆ. ಬಳಚಿನ ಬಗ್ಗೆ ಕೇಳಿದ್ದೀರಿ. ಬಳಚು ದಿನವಿಡೀ ನೀರು ಸೋಸಿ ತಿನ್ನುವ ಚಿಪ್ಪಿನ ಜೀವಿ, ನೀರಿನ ರೋಗಾಣು ಅದರ ಮೈಯಲ್ಲಿ ಕೂಡುತ್ತದೆ. ಕೊಚ್ಚೆ ಬಂದು ಸೇರುವ ಬಾಯಿಯ ಹತ್ತಿರದ್ದು ಬೇಡ. ಉಳಿದದ್ದನ್ನು ಚಿಪ್ಪು ಬಿಚ್ಚಿದ ಮೇಲೂ ಸ್ವಲ್ಪ ಹೊತ್ತು ಬೇಯಿಸಿ.

ಮಕ್ಕಳು ಬರೆದ ಪಟ್ಟಿಯನ್ನು ಡಿಸೆಂಬರಿನೊಳಗೆ ಕಳಿಸಿದರೆ ಜನವರಿ ಸಂಚಿಕೆಯಲ್ಲಿ ಹಾಕುತ್ತೇವೆ. ತಾರೀಖು, ಹೊತ್ತು, ಭರತವೋ ಇಳಿತವೋ, ಹಿಂದಿನ ದಿನ ಮಳೆ ಬಂದಿತ್ತೋ ಇಲ್ಲವೋ, ಇವಿಷ್ಟನ್ನೂ ಪ್ರತಿ ಸಾಲಿನಲ್ಲಿ ಬರೆಸಿ.

– ಸಂಪಾದಕ